ಕಂದನ ಮಾತ್ರೆ

ಮೂವತ್ತೈದು ವರ್ಷಗಳ ಕಾಲ ಪಾಠಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿ, ಈಗ ವಿಶ್ರಾಂತಿವೇತನವನ್ನು ಪಡೆಯುತ್ತ ಮನೆಯಲ್ಲಿ ಕುಳಿತಿರುವ ನಮಗೆ, ‘ಮಾತ್ರೆ’ ಎಂಬ ಶಬ್ದದ ಅರ್ಥವನ್ನು ಮತ್ತೊಬ್ಬರು ಕಲಿಸಬೇಕಾಗಿ ಬಂದೀತೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. ಕಲಿಸಿದವಳು ನಮ್ಮ ಹಳೆಯ ಶಿಷ್ಯೆಯೇ. ಆಕೆಗೆ ನಾವು ಒಮ್ಮೆ ಛಂದಸ್ಸಿನ ಪರೀಕ್ಷೆಯಲ್ಲಿ ಮಾತ್ರೆಗಳ ಎಣಿಕೆ ತಪ್ಪಿತೆಂದು ಅಂಕಗಳನ್ನು ಕಳೆದಿದ್ದೆವು. ನಡೆದ ಸಂಗತಿಯನ್ನು ಮುಚ್ಚಿಡದೆ ಹೇಳಿಬಿಡುವುದು ಲೇಸು. ಮನೆಯಲ್ಲಿ ಚಿಕ್ಕ ಮಕ್ಕಳಿರುವ ವಾಚಕರಿಗೆ ಇದರಿಂದ ಏನಾದರೂ ಪ್ರಯೋಜನವಾದರೆ ನಮ್ಮ ನಾಚಿಕೆಯು ವ್ಯರ್ಥವಾಗಲಿಲ್ಲವೆಂದು ತಿಳಿಯುವೆವು.

ಮಾತ್ರೆಯೆಂದರೆ ಅಳತೆ. ಛಂದಸ್ಸಿನಲ್ಲಿ ಲಘುವಿಗೆ ಒಂದು, ಗುರುವಿಗೆ ಎರಡು. ಕಂದಪದ್ಯದ ಮೊದಲನೆಯ ಮತ್ತು ಮೂರನೆಯ ಪಾದಗಳಿಗೆ 12 ಮಾತ್ರೆಗಳು, ಎರಡನೆಯ ಮತ್ತು ನಾಲ್ಕನೆಯ ಪಾದಗಳಿಗೆ 20, ಒಟ್ಟು 64. ಆಯುರ್ವೇದದಲ್ಲಿಯೂ ಮಾತ್ರೆಯೆಂದರೆ ಔಷಧದ ಪ್ರಮಾಣವೇ. ಆ ಮಾತೇ ಜನರ ನಾಲಗೆಯ ಮೇಲೆ ಉರುಳಿ ಉರುಳಿ ಈಗ ಅಂಗಡಿಯಲ್ಲಿ ದೊರೆಯುವ ಗುಳಿಗೆಗೆ ಹೆಸರಾಗಿರುವುದು. ಒಂದು ಮಾತ್ರೆ ಹೆಚ್ಚಾದರೂ ಕಂದವು ಕೆಟ್ಟಿತೆಂದು ಹುಡುಗರ ಉತ್ತರಪತ್ರಿಕೆಗಳಲ್ಲಿ ಕೆಂಪುಮಸಿಯಿಂದ ಗೆರೆ ಎಳೆದ ಕೈ ನಮ್ಮದು. ಅದೇ ಕೈ, ನಮ್ಮದೇ ಮನೆಯಲ್ಲಿ, ನಮ್ಮದೇ ಕಂದನಿಗೆ ಒಂದು ಸಲ್ಲುವಲ್ಲಿ ನಾಲ್ಕನ್ನು ಕೊಟ್ಟಿತು.

ಹೋದ ಶ್ರಾವಣದಲ್ಲಿ ನಮ್ಮ ಮಗಳೂ ಅಳಿಯಂದಿರೂ ಒಂದು ಮದುವೆಯ ನಿಮಿತ್ತವಾಗಿ ಪರಸ್ಥಳಕ್ಕೆ ಹೋಗಬೇಕಾಗಿ, ಒಂದೂಕಾಲು ವರ್ಷದ ಮೊಮ್ಮಗಳನ್ನು ನಮ್ಮ ಬಳಿ ಬಿಟ್ಟುಹೋದರು. ಮೊದಲನೆಯ ದಿನ ಸಾಯಂಕಾಲವೇ ಮಗುವಿನ ಮೈ ಬಿಸಿಯಾಯಿತು. ಮಗಳಿಗೆ ದೂರವಾಣಿಯಲ್ಲಿ ತಿಳಿಸಿದೆವು. “ಅಪ್ಪಾ, ಗಾಬರಿ ಬೇಡ. ಪ್ಯಾರಸೆಟಮಾಲ್ ಸಿರಪ್ ಐದು ಎಂ.ಎಲ್. ಕೊಡಿ. ಜ್ವರ ಬಿಡದಿದ್ದರೆ ಐದಾರು ಗಂಟೆಯ ಮೇಲೆ ಇನ್ನೊಂದು ಸಲ ಕೊಡಬಹುದು” ಎಂದಳು. ಮನೆಯಲ್ಲಿದ್ದ ಹಳೆಯ ಸೀಸೆ ಬರಿದಾಗಿತ್ತು. ಅದರ ಅಳತೆಯ ಮುಚ್ಚಳ ಮಾತ್ರ ಉಳಿದಿತ್ತು. ನಾವು ಔಷಧದ ಅಂಗಡಿಗೆ ಹೋಗಿ, “ಒಂದೂಕಾಲು ವರ್ಷದ ಮಗುವಿಗೆ ಜ್ವರದ ಪ್ಯಾರಸೆಟಮಾಲ್ ಕೊಡಿ” ಎಂದು ಕೇಳಿದೆವೇ ಹೊರತು ‘ಸಿರಪ್’ ಎಂಬ ಮಾತನ್ನು ಆಡಲಿಲ್ಲ. ಮಗು ಚಿಕ್ಕದೆಂದು ತಿಳಿದು ಅಂಗಡಿಯವರು ತೊಟ್ಟಿಕ್ಕುವ ನಳಿಗೆಯಿರುವ ಪುಟ್ಟ ಸೀಸೆಯೊಂದನ್ನು ಕೊಟ್ಟರು. ನಾವು ಮನೆಗೆ ಬಂದು, ಆ ನಳಿಗೆಯು ಮಕ್ಕಳ ಆಟಿಕೆಯಂತೆ ಕಂಡುದರಿಂದ ಬದಿಗಿಟ್ಟು, ಹಳೆಯ ಮುಚ್ಚಳದಲ್ಲಿ ಐದು ಎಂ.ಎಲ್. ಗೆರೆಯವರೆಗೆ ಅಳೆದು ರಾತ್ರಿ ಹತ್ತಕ್ಕೆ ಒಮ್ಮೆ, ಮೂರಕ್ಕೆ ಇನ್ನೊಮ್ಮೆ ಕುಡಿಸಿದೆವು.

ಎರಡನೆಯ ಸಲ ಕುಡಿಸುವಾಗ ನಮ್ಮ ಗೃಹಿಣಿಯು ದೀಪದ ಬೆಳಕಿಗೆ ಸೀಸೆಯನ್ನು ಹಿಡಿದು, “ಏನೂಂದ್ರೆ, ಎರಡು ಸಲಕ್ಕೇ ಇಷ್ಟು ಇಳಿದುಹೋಯಿತಲ್ಲ? ಹೋದ ಸಲದ ಸೀಸೆ ಎಷ್ಟೋ ದಿವಸ ಬಂದಿತ್ತು” ಎಂದಳು. “ಇದು ಚಿಕ್ಕ ಸೀಸೆ. ಐದು ಎಂದರೆ ಐದೇ. ಅಳತೆಯ ವಿಷಯವನ್ನು ನನಗೆ ಹೇಳಿಕೊಡಬೇಡ” ಎಂದು ನಾವು ಗದರಿಸಿದೆವು. ಎಂಟನೆಯ ತರಗತಿಯವರೆಗೆ ಮಾತ್ರ ಓದಿದ ಆಕೆ ಸುಮ್ಮನಾದಳು. ಈ ವೃತ್ತಾಂತದಲ್ಲಿ ಇಂದಿಗೂ ನಮ್ಮನ್ನು ಚುಚ್ಚುವ ಭಾಗವು ಇದೇ.

ಬೆಳಿಗ್ಗೆ ಎಂಟು ಗಂಟೆಗೆ ಮೂರನೆಯ ಸಲ ಬಗ್ಗಿಸಿ ಹಿಡಿದಿದ್ದಾಗ, ಪಕ್ಕದ ಮನೆಯಲ್ಲಿರುವ ಆ ನಮ್ಮ ಶಿಷ್ಯೆಯು ಮಗುವಿನ ಅಳುವನ್ನು ಕೇಳಿ ಒಳಗೆ ಬಂದಳು. ಆಕೆ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ದಾದಿ. ರಾತ್ರಿಪಾಳಿ ಮುಗಿಸಿ ಆಗತಾನೇ ಬಂದಿದ್ದಳು.

“ಸಾರ್, ಪುಟ್ಟಿಗೆ ಏನು ಹಾಕುತ್ತಿದ್ದೀರಿ? ಸೀಸೆ ಇಲ್ಲಿ ಕೊಡಿ ನೋಡೋಣ.”

“ಜ್ವರದ್ದಮ್ಮ. ಐದು ಎಂ.ಎಲ್. ಎರಡು ಸಲ ಆಯಿತು, ಇದು ಮೂರನೆಯದು.”

ಆಕೆ ಸೀಸೆಯ ಮೇಲಿನ ಚೀಟಿಯನ್ನು ಓದಿ, ಮುಚ್ಚಳವನ್ನು ನಮ್ಮ ಕೈಯಿಂದ ಮೆಲ್ಲನೆ ತೆಗೆದುಕೊಂಡು ಕೆಳಗಿಟ್ಟಳು. “ಸಾರ್, ಇದು ಡ್ರಾಪ್ಸು, ಸಿರಪ್ ಅಲ್ಲ. ಇದನ್ನು ಕೊಡುವುದು ಬೇಡ. ಈಗಲೇ ಆಸ್ಪತ್ರೆಗೆ ಹೋಗೋಣ. ಸೀಸೆಯನ್ನೂ ಜೊತೆಗೆ ಹಿಡಿದುಕೊಳ್ಳಿ” ಎಂದಳು. ಬೈಯಲಿಲ್ಲ, ಬೆಚ್ಚಲೂ ಇಲ್ಲ. ನಮ್ಮ ಕಾಲುಗಳು ಮಾತ್ರ ನೆಲದ ಮೇಲೆ ನಿಲ್ಲಲಿಲ್ಲ.

ದಾರಿಯಲ್ಲಿ ಆಕೆ ಹೇಳಿದ ಲೆಕ್ಕವನ್ನು ವಾಚಕರ ಮುಂದಿಡುತ್ತೇವೆ. ಮಕ್ಕಳ ಪ್ಯಾರಸೆಟಮಾಲ್ ನಮ್ಮ ದೇಶದಲ್ಲಿ ಒಂದೇ ಬಲದಲ್ಲಿ ದೊರೆಯುವುದಿಲ್ಲ. ಸಿರಪ್ಪಿನ ಒಂದು ಬಗೆಯಲ್ಲಿ 5 ಮಿಲಿಲೀಟರಿಗೆ 125 ಮಿಲಿಗ್ರಾಂ ಔಷಧವಿದ್ದರೆ, ಇನ್ನೊಂದರಲ್ಲಿ ಅಷ್ಟಕ್ಕೇ 250 ಇರುವುದು. ತೊಟ್ಟಿಕ್ಕಿಸುವ ಡ್ರಾಪ್ಸಿನಲ್ಲಾದರೋ ಸಾಧಾರಣವಾಗಿ 1 ಮಿಲಿಲೀಟರಿಗೇ 100 ಮಿಲಿಗ್ರಾಂ. ಎಳೆಯ ಶಿಶುವಿಗೆ ಸ್ವಲ್ಪದರಲ್ಲಿಯೇ ಕುಡಿಸಿ ಮುಗಿಸಲೆಂದು ಅದನ್ನು ಗಟ್ಟಿಯಾಗಿ ಮಾಡಿರುವರು. ಪುಟ್ಟ ಸೀಸೆಯೆಂದರೆ ಸೌಮ್ಯವಾದ ಔಷಧವೆಂದು ನಾವು ಭಾವಿಸಿದ್ದೆವು. ನಿಜವು ಅದಕ್ಕೆ ವಿಪರೀತವಾಗಿತ್ತು. ಈ ಔಷಧದ ಪ್ರಮಾಣವು ಮಗುವಿನ ತೂಕದ ಒಂದೊಂದು ಕಿಲೋಗ್ರಾಮಿಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. ನಮ್ಮ ಪುಟ್ಟಿಯ ತೂಕ 10 ಕಿಲೋ. ಮಗಳು ಹೇಳಿದ ಸಿರಪ್ಪಿನ ಐದು ಎಂ.ಎಲ್. ಎಂದರೆ 125 ಮಿಲಿಗ್ರಾಂ. ಆ ತೂಕಕ್ಕೆ ತಕ್ಕದ್ದೇ. ನಾವು ಕೊಟ್ಟ ಡ್ರಾಪ್ಸಿನ ಐದು ಎಂ.ಎಲ್. ಎಂದರೆ 500 ಮಿಲಿಗ್ರಾಂ. ದೊಡ್ಡವರು ನುಂಗುವ ಒಂದು ಗುಳಿಗೆಯನ್ನು ಹತ್ತು ಕಿಲೋ ತೂಕದ ಶಿಶುವಿಗೆ ಐದು ಗಂಟೆಗಳ ಒಳಗಾಗಿ ಎರಡು ಸಲ ಕುಡಿಸಿದ್ದೆವು, ಮೂರನೆಯದು ಕೈಯಲ್ಲಿತ್ತು.

ವೈದ್ಯರು ಸೀಸೆಯನ್ನು ನೋಡಿ, ಕೊಟ್ಟ ವೇಳೆಗಳನ್ನು ಬರೆದುಕೊಂಡು, ಮಗುವಿನ ರಕ್ತವನ್ನು ಪರೀಕ್ಷೆಗೆ ಕಳುಹಿಸಿ ಎರಡು ದಿನ ಅಲ್ಲಿಯೇ ಇರಿಸಿಕೊಂಡರು. ಮಗು ಆಟವಾಡುತ್ತಿತ್ತು. “ಮಗು ಚೆನ್ನಾಗಿಯೇ ಇದೆಯಲ್ಲ?” ಎಂದು ಕೇಳಿದೆವು. ಈ ಔಷಧವು ಮಿತಿಮೀರಿದಾಗ ಕೆಡಿಸುವುದು ಯಕೃತ್ತನ್ನು. ಮೊದಲನೆಯ ದಿನ ಹೊರಗೆ ಏನೂ ಕಾಣದೆಯೂ ಇರಬಹುದು. ಅದಕ್ಕೆ ಪ್ರತಿಯಾದ ಅಸೆಟೈಲ್‌ಸಿಸ್ಟೀನ್ ಎಂಬ ಔಷಧವುಂಟು. ಆದರೆ ಒಮ್ಮೆಗೆ ಅತಿಯಾಗಿ ಸೇವಿಸಿದ ಪಕ್ಷದಲ್ಲಿ ಅದನ್ನು ಎಂಟು ಗಂಟೆಗಳೊಳಗೆ ಕೊಟ್ಟರೆ ಫಲವು ಹೆಚ್ಚು. ಆದಕಾರಣ ‘ನೋಡೋಣ’ವೆಂದು ಮನೆಯಲ್ಲಿ ಕಾಯುತ್ತ ಕುಳಿತಿರುವುದು ಸಲ್ಲದು ಎಂದು ಅವರು ವಿವರಿಸಿದರು. ದೈವಕೃಪೆಯಿಂದ ಪುಟ್ಟಿಗೆ ಪ್ರತ್ಯೌಷಧದ ಅಗತ್ಯ ಬೀಳಲಿಲ್ಲ. ರಕ್ತಪರೀಕ್ಷೆಗಳು ಸರಿಯಾಗಿ ಬಂದವು. ಜ್ವರಕ್ಕೆ ಕಾರಣವು ಕಿವಿಯ ಸೋಂಕೆಂದು ಗೊತ್ತಾಗಿ ಅದಕ್ಕೆ ಚಿಕಿತ್ಸೆಯೂ ಆರಂಭವಾಯಿತು.

ಆ ಎರಡು ದಿನಗಳಲ್ಲಿ ನಮಗೆ ಬೇರೆ ಕೆಲಸವಿರಲಿಲ್ಲ. ದಾದಿಯರು ಮಕ್ಕಳಿಗೆ ಮದ್ದು ಕೊಡುವ ರೀತಿಯನ್ನೇ ನೋಡುತ್ತ ಕುಳಿತೆವು. ಪ್ರತಿ ಸಲವೂ “ಮಗುವಿನ ಹೆಸರೇನು?” ಎಂದು ಕೇಳಿ, ನಾವು ಹೇಳಿದ ಹೆಸರನ್ನು ಕಾಲಿಗೆ ಕಟ್ಟಿದ ಪಟ್ಟಿಯ ಹೆಸರಿನೊಡನೆಯೂ ಸಂಖ್ಯೆಯೊಡನೆಯೂ ಹೋಲಿಸುವರು. ನಾಲ್ಕನೆಯ ಸಲ ಕೇಳಿದಾಗ ನಮಗೆ ಬೇಸರವಾಗಿ, “ಬೆಳಗಿನಿಂದ ನೀನೇ ನೋಡುತ್ತಿರುವೆಯಲ್ಲಮ್ಮ?” ಎಂದೆವು. “ತಾತಾ, ಆ ಮೂಲೆಯ ಹಾಸಿಗೆಯ ಮಗುವಿನ ಹೆಸರೂ ಇದೇ. ದೊಡ್ಡವರಾದರೆ ‘ನಾನು ಅವನಲ್ಲ’ ಎನ್ನುತ್ತಾರೆ. ಈ ಕೂಸು ಹೇಳುತ್ತದೆಯೇ?” ಎಂದಳು ಆ ಹುಡುಗಿ. ಅಲ್ಲಿಂದ ಮುಂದೆ ನಾವು ಕೇಳುವ ಮೊದಲೇ ಹೆಸರು ಹೇಳತೊಡಗಿದೆವು.

ದಾದಿಯರ ಶಿಕ್ಷಣದಲ್ಲಿ ಐದು ‘ಸರಿ’ಗಳನ್ನು ಕಲಿಸುವರಂತೆ: ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ವೇಳೆ. ಪಂಚಾಂಗದಲ್ಲಿ ತಿಥಿ, ವಾರ, ನಕ್ಷತ್ರ, ಯೋಗ, ಕರಣಗಳೆಂಬ ಐದೂ ಕೂಡಿದ ಹೊರತು ದಿನವು ಪೂರ್ಣವಾಗಿ ತಿಳಿಯದಷ್ಟೆ, ಇದೂ ಹಾಗೆಯೇ. ಕೊಟ್ಟಮೇಲೆ ಬರೆದಿಡುವುದನ್ನು ಆರನೆಯದಾಗಿ ಸೇರಿಸುವರು. ಬರೆಯುವುದು ಕೊಟ್ಟಮೇಲೆಯೇ, ಮೊದಲಲ್ಲ. ಮೊದಲೇ ಬರೆದಿಟ್ಟು ಮಗು ಉಗುಳಿದರೆ ಬರೆಹವು ಸುಳ್ಳಾಗುವುದು. ಮಾರ್ಗದ ವಿಷಯದಲ್ಲಿಯೂ ಎಚ್ಚರಿಕೆಯುಂಟು. ಬಾಯಿಗೆ ಕೊಡುವ ಸಿರಿಂಜಿನ ಮೂತಿಯನ್ನು ಬೇರೆಯಾಗಿ ಮಾಡಿರುವುದರಿಂದ ಅದು ರಕ್ತನಾಳದ ನಳಿಗೆಗೆ ಕೂಡುವುದೇ ಇಲ್ಲ. ಕೈ ಮರೆತರೂ ಉಪಕರಣವು ಮರೆಯದಿರಲೆಂದು ಮಾಡಿದ ಉಪಾಯವಿದು.

ಮಕ್ಕಳ ವಾರ್ಡಿನಲ್ಲಿ ಪ್ರಮಾಣದ ಲೆಕ್ಕವೇ ಎಲ್ಲಕ್ಕಿಂತ ಕಠಿಣವಾದದ್ದು. ದೊಡ್ಡವರಿಗಾದರೆ ಬಹಳಷ್ಟು ಔಷಧಗಳು ಒಂದೇ ಅಳತೆಯಲ್ಲಿ ಸಲ್ಲುತ್ತವೆ. ಮಕ್ಕಳಲ್ಲಿ ಅವಧಿಗೆ ಮೊದಲೇ ಹುಟ್ಟಿದ 1 ಕಿಲೋ ಶಿಶುವೂ ಉಂಟು, 40 ಕಿಲೋ ಬಾಲಕನೂ ಉಂಟು. ಅಲ್ಲದೆ ನವಜಾತ ಶಿಶುವಿನ ಯಕೃತ್ತು, ಮೂತ್ರಪಿಂಡಗಳು ಔಷಧವನ್ನು ಜೀರ್ಣಿಸಿ ಹೊರಗೆ ಹಾಕುವಷ್ಟು ಬಲಿತಿರುವುದಿಲ್ಲ. ಆದಕಾರಣ ಮಗುವನ್ನು ಕಿಲೋಗ್ರಾಮಿನಲ್ಲಿ ತೂಗದೆ, ಅಂದಾಜಿನ ಮೇಲೆ ಲೆಕ್ಕವನ್ನು ಆರಂಭಿಸಕೂಡದು. ನಮ್ಮನ್ನು ತೂಕ ಕೇಳಿದಾಗ “ಹತ್ತೋ ಹನ್ನೆರಡೋ ಇರಬಹುದು” ಎಂದಿದ್ದೆವು. ಐದಕ್ಕೊಂದು ಪಾಲು ತಪ್ಪನ್ನು ‘ಓ’ಕಾರದಲ್ಲಿ ಅಡಗಿಸಿದ ಉತ್ತರವದು.

ನಮ್ಮ ಶಿಷ್ಯೆಯು ಒಂದು ಉದಾಹರಣೆಯನ್ನು ಹೇಳಿದಳು. ಜೆಂಟಾಮೈಸಿನ್ ಎಂಬ ಸೂಜಿಮದ್ದಿನ ಸಾಮಾನ್ಯವಾದ ಸೀಸೆಯಲ್ಲಿ 2 ಮಿಲಿಲೀಟರು ದ್ರವವೂ ಅದರಲ್ಲಿ 80 ಮಿಲಿಗ್ರಾಂ ಔಷಧವೂ ಇರುವುವು. 2 ಕಿಲೋ ಶಿಶುವಿಗೆ ಕಿಲೋವಿಗೆ 4 ಮಿಲಿಗ್ರಾಮಿನಂತೆ ಬರೆದರೆ 8 ಮಿಲಿಗ್ರಾಂ. ಅಂದರೆ ಆ ಸೀಸೆಯಿಂದ 0.2 ಮಿಲಿಲೀಟರು. ದಶಾಂಶದ ಬಿಂದುವೊಂದು ಜಾರಿದರೆ 2 ಮಿಲಿಲೀಟರು, ಹತ್ತುಪಟ್ಟು. ಮೂತ್ರಪಿಂಡಕ್ಕೂ ಕಿವಿಗೂ ಹಾನಿ ಮಾಡಬಲ್ಲ ಔಷಧವಿದು. ದೊಡ್ಡವರ ವಿಷಯದಲ್ಲಿ ಹತ್ತುಪಟ್ಟಿನ ತಪ್ಪಾಗಬೇಕಾದರೆ ಹತ್ತು ಸೀಸೆಗಳನ್ನು ಒಡೆಯಬೇಕು; ಮೂರನೆಯದನ್ನು ಒಡೆಯುವಷ್ಟರಲ್ಲಿ ಎಂಥವರಿಗೂ ಸಂಶಯ ಹುಟ್ಟುವುದು. ಶಿಶುವಿನ ವಿಷಯದಲ್ಲಿ ಹತ್ತುಪಟ್ಟಿನ ತಪ್ಪೂ ಒಂದೇ ಸೀಸೆಯೊಳಗೆ ಅಡಗಿರುವುದು. ಎಚ್ಚರಿಸಲು ಯಾವುದೂ ಉಳಿಯುವುದಿಲ್ಲ. ಆದ್ದರಿಂದಲೇ ಅವರಲ್ಲಿ ಸೊನ್ನೆಯನ್ನು ಬರೆಯುವುದಕ್ಕೂ ಶಾಸ್ತ್ರವಿದೆ. ಅರ್ಧವನ್ನು ಬರೆಯುವಾಗ ಬಿಂದುವಿನ ಹಿಂದೆ ಸೊನ್ನೆಯನ್ನು ಬಿಡಕೂಡದು, 0.5 ಎಂದೇ ಬರೆಯತಕ್ಕದ್ದು. ಐದನ್ನು ಬರೆಯುವಾಗ 5.0 ಎಂದು ಬರೆಯಕೂಡದು, ಬಿಂದು ಮಾಸಿದರೆ ಅದು ಐವತ್ತಾಗುವುದು. ಸೊನ್ನೆಯನ್ನು ಲೋಕಕ್ಕೆ ಕೊಟ್ಟವರು ನಾವೆಂದು ತರಗತಿಯಲ್ಲಿ ಹೆಮ್ಮೆಪಟ್ಟು ಹೇಳುತ್ತಿದ್ದೆವು. ಅದು ಇರಬೇಕಾದ ಕಡೆ ಇಲ್ಲದೆ, ಇರಬಾರದ ಕಡೆ ಇದ್ದರೆ ಒಂದು ಜೀವವನ್ನೇ ಕೊಂಡೊಯ್ಯಬಹುದೆಂದು ಮಾತ್ರ ಹೇಳಿರಲಿಲ್ಲ.

ಇಂತಹ ತಪ್ಪುಗಳು ಓದುಬರಹ ಬಾರದವರಿಂದ ಆಗುವುವೆಂದು ತಿಳಿಯಬಾರದು. ಅಮೆರಿಕ ದೇಶದಲ್ಲಿ 2006ರಲ್ಲಿ ಒಂದು ಆಸ್ಪತ್ರೆಯ ನವಜಾತ ಶಿಶುಗಳಿಗೆ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಹೆಪಾರಿನ್ ಔಷಧವನ್ನು ಕೊಡುವಾಗ, 10 ಯೂನಿಟ್ಟಿನ ಸೀಸೆಯ ಬದಲಾಗಿ ಅದನ್ನೇ ಹೋಲುವ 10,000 ಯೂನಿಟ್ಟಿನ ಸೀಸೆಯು ಬಳಕೆಯಾಗಿ ಮೂರು ಶಿಶುಗಳು ತೀರಿಕೊಂಡವು. 2007ರಲ್ಲಿ ಅದೇ ದೇಶದ ಇನ್ನೊಂದು ಊರಿನಲ್ಲಿ ಪ್ರಸಿದ್ಧ ನಟರೊಬ್ಬರ ಅವಳಿ ಮಕ್ಕಳಿಗೂ ಇದೇ ಸಾವಿರಪಟ್ಟಿನ ತಪ್ಪು ನಡೆದು, ಅದೃಷ್ಟವಶಾತ್ ಮಕ್ಕಳು ಉಳಿದರು. ಅಲ್ಲಿದ್ದವರೆಲ್ಲ ತರಬೇತಾದವರೇ. ದಣಿದ ಕಣ್ಣು ಚೀಟಿಯನ್ನು ಓದುವುದಿಲ್ಲ; ತಾನು ನಿರೀಕ್ಷಿಸಿದ್ದನ್ನೇ ಅಲ್ಲಿ ಕಾಣುವುದು. ಇಂತಹವನ್ನು ಕಡಿಮೆಮಾಡಬೇಕೆಂದೇ ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ, ಔಷಧದಿಂದ ಹಾನಿಯಾಗದಿರಲೆಂಬ ಅಭಿಯಾನವನ್ನು ಆರಂಭಿಸಿತು. 2025ರ ಸೆಪ್ಟೆಂಬರ್ 17ರ ರೋಗಿಸುರಕ್ಷಾ ದಿನವನ್ನು ನವಜಾತ ಶಿಶುಗಳ ಮತ್ತು ಮಕ್ಕಳ ಸುರಕ್ಷಿತ ಆರೈಕೆಗಾಗಿಯೇ ಮೀಸಲಿಟ್ಟಿತು.

ವಾರ್ಡಿನಲ್ಲಿ ನಮ್ಮ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ತಟ್ಟಿದ್ದು ಎರಡನೆಯವರ ಲೆಕ್ಕ. ಅಪಾಯಕರವೆಂದು ಗುರುತಿಸಿದ ಮದ್ದನ್ನು ಒಬ್ಬ ದಾದಿಯು ಲೆಕ್ಕಹಾಕಿ ಸಿದ್ಧಪಡಿಸಿದ ಮೇಲೆ ಇನ್ನೊಬ್ಬಳು ಬರುವಳು. ಮೊದಲಿನವಳ ಉತ್ತರವನ್ನು ನೋಡಿ ‘ಹೂಂ’ ಎನ್ನುವುದಲ್ಲ. ವೈದ್ಯರ ಬರೆಹವನ್ನೂ ಮಗುವಿನ ತೂಕವನ್ನೂ ತಾನೇ ಓದಿ, ಬೇರೆ ಕಾಗದದಲ್ಲಿ ಮೊದಲಿನಿಂದ ಲೆಕ್ಕಹಾಕಿ, ಆಮೇಲೆ ಎರಡು ಉತ್ತರಗಳನ್ನೂ ಹೋಲಿಸುವಳು. ಇಪ್ಪತ್ತು ವರ್ಷ ಅನುಭವವುಳ್ಳ ಹಿರಿಯಳ ಲೆಕ್ಕವನ್ನು ನಿನ್ನೆಮೊನ್ನೆ ಸೇರಿದ ಹುಡುಗಿಯು ಹೀಗೆ ಪರೀಕ್ಷಿಸಿದಳು. ಹಿರಿಯಳು ಮುಖ ಗಂಟಿಕ್ಕಲಿಲ್ಲ. “ನಿನಗೆ ಎಷ್ಟು ಬಂತು?” ಎಂದು ಕೇಳಿ ಕಾದು ನಿಂತಳು. ನಮಗೆ ರಾತ್ರಿ ಮೂರು ಗಂಟೆಯ ದೀಪದ ಬೆಳಕೂ, ಸೀಸೆಯನ್ನು ಎತ್ತಿ ಹಿಡಿದಿದ್ದ ನಮ್ಮಾಕೆಯ ಕೈಯೂ ಕಣ್ಣಿಗೆ ಕಟ್ಟಿದವು. ಆಕೆಗೆ ಮಿಲಿಗ್ರಾಂ ಗೊತ್ತಿರಲಿಲ್ಲ. ಆದರೆ 60 ಮಿಲಿಲೀಟರಿನ ಸೀಸೆಯು ಎಷ್ಟೋ ದಿನ ಬಂದದ್ದೂ, 15 ಮಿಲಿಲೀಟರಿನ ಸೀಸೆಯು ಎರಡೇ ಸಲಕ್ಕೆ ಮೂರನೆಯ ಒಂದು ಪಾಲಿಗೆ ಇಳಿದದ್ದೂ ಆಕೆಗೆ ಕಂಡಿತ್ತು. ನಮ್ಮ ಮನೆಯಲ್ಲಿಯೂ ಎರಡನೆಯ ಲೆಕ್ಕವು ಆಗಿತ್ತು, ಸರಿಯಾಗಿಯೂ ಆಗಿತ್ತು. ಪಾಂಡಿತ್ಯವು ಅದನ್ನು ಗದರಿಸಿ ಕೂರಿಸಿತು.

ಹಿಂದಿನವರಿಗೆ ಈ ವಿವೇಕವಿರಲಿಲ್ಲವೆಂದು ಯಾರೂ ಭಾವಿಸಬೇಕಾಗಿಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ಮಕ್ಕಳ ಚಿಕಿತ್ಸೆಯಾದ ಕೌಮಾರಭೃತ್ಯವೂ ಒಂದು. ಕಾಶ್ಯಪಸಂಹಿತೆಯಲ್ಲಿ ಹುಟ್ಟಿದ ಶಿಶುವಿಗೆ ಔಷಧವು ವಾಯುವಿಳಂಗದ ಕಾಳಿನಷ್ಟೆಂದು ಹೇಳಿ, ತಿಂಗಳಿನಿಂದ ತಿಂಗಳಿಗೆ ಹೆಚ್ಚಿಸುವ ಕ್ರಮವಿದೆ. ಯುಕ್ತಿಯರಿತು ಬಳಸಿದ ವಿಷವು ಮದ್ದಾಗುವುದೂ, ಅರಿಯದೆ ಬಳಸಿದ ಮದ್ದು ವಿಷವಾಗುವುದೂ ಚರಕಸಂಹಿತೆಯ ಮೊದಲನೆಯ ಅಧ್ಯಾಯದಲ್ಲಿಯೇ ಬರುವ ವಿಚಾರ. ಇದನ್ನು ನಾವು ಪಾಠ ಹೇಳಿದ್ದೆವು. ಮುಚ್ಚಳವನ್ನು ಹಿಡಿದಾಗ ನೆನಪಾಗಲಿಲ್ಲ, ಅಷ್ಟೆ. ಆದರೆ ಹಳೆಯದೆಲ್ಲವೂ ಹಾಗೆಯೇ ಇರಲೆಂದೂ ಹೇಳಲಾರೆವು. ಬಜೆಯನ್ನೂ ಜಾಯಿಕಾಯಿಯನ್ನೂ ಸಾಣೆಕಲ್ಲಿನ ಮೇಲೆ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸುವ ರೂಢಿಯು ಎಷ್ಟೋ ಮನೆಗಳಲ್ಲಿ ಉಂಟು. ಒಂದು ವರ್ಷ ತುಂಬದ ಶಿಶುವಿಗೆ ಜೇನುತುಪ್ಪವನ್ನು ಕೊಡಲೇಕೂಡದೆಂಬುದು ಈಗಿನ ವೈದ್ಯರ ನಿಶ್ಚಿತವಾದ ಮಾತು. ಅದರಲ್ಲಿರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿಯ ಬೀಜಗಳು ಎಳೆಯ ಕರುಳಿನಲ್ಲಿ ಮೊಳೆತು ನರಗಳನ್ನು ಸ್ತಬ್ಧಗೊಳಿಸುವ ವಿಷವನ್ನು ಹುಟ್ಟಿಸಬಲ್ಲವು.

ಮನೆಗೆ ಹೊರಡುವಾಗ ದಾದಿಯು ಹೇಳಿಕೊಟ್ಟ ಕೆಲವು ಮಾತುಗಳನ್ನು ಇಲ್ಲಿ ಬರೆಯುತ್ತೇವೆ. ಎಷ್ಟು ಎಂ.ಎಲ್. ಎಂದು ಕೇಳಿದರೆ ಸಾಲದು, ಯಾವ ಬಲದ ಸೀಸೆಯಿಂದ ಎಂದೂ ಕೇಳತಕ್ಕದ್ದು. ಒಂದು ಸೀಸೆಯ ಅಳತೆಯ ಮುಚ್ಚಳವನ್ನು ಇನ್ನೊಂದಕ್ಕೆ ಬಳಸಕೂಡದು. ಅಡಿಗೆಮನೆಯ ಚಮಚೆಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ನಮ್ಮ ಅಜ್ಜಿಯ ಕಾಲದ ಬೆಳ್ಳಿಯ ಒಳಲೆಯು ಹಾಲು ಕುಡಿಸಲು ಚೆನ್ನ, ಮದ್ದು ಅಳೆಯಲು ಅಲ್ಲ. ಗೆರೆಗಳಿರುವ ಬಾಯಿ-ಸಿರಿಂಜು ಎಲ್ಲಕ್ಕಿಂತ ಮೇಲು. ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು ಕೆನ್ನೆಯ ಒಳಬದಿಗೆ ಸ್ವಲ್ಪಸ್ವಲ್ಪವಾಗಿ ಬಿಡಬೇಕು. ಮಲಗಿಸಿ ಮೂಗು ಹಿಡಿದು ಸುರಿದರೆ ಮದ್ದು ಶ್ವಾಸನಾಳಕ್ಕೆ ಇಳಿಯಬಹುದು. ಪುಡಿಯ ರೂಪದಲ್ಲಿ ಬರುವ ಔಷಧಕ್ಕೆ ಕುದಿಸಿ ಆರಿಸಿದ ನೀರನ್ನು ಗುರುತಿನ ಗೆರೆಯವರೆಗೆ ಸೇರಿಸಿ, ಪ್ರತಿ ಸಲವೂ ಕುಲುಕಿ ಕೊಡಬೇಕು. ಕುಲುಕದಿದ್ದರೆ ಮೊದಲ ದಿನ ನೀರು, ಕೊನೆಯ ದಿನ ಗಸಿ. ಜ್ವರಕ್ಕೆಂದು ಮಕ್ಕಳಿಗೆ ಆಸ್ಪಿರಿನ್ ಕೊಡಕೂಡದು. ಮಗು ಮದ್ದನ್ನು ಕಕ್ಕಿದರೆ ಕೇಳದೆ ಮತ್ತೆ ಕುಡಿಸಕೂಡದು. ಮದ್ದನ್ನು ‘ಮಿಠಾಯಿ’ ಎಂದು ಪುಸಲಾಯಿಸಬಾರದು. ಆ ಮಾತನ್ನು ನಂಬಿದ ಮಗು ಒಂದು ದಿನ ಸೀಸೆಯನ್ನು ತಾನೇ ಹುಡುಕುವುದು.

ಕೆಮ್ಮಿನ ಔಷಧದ ವಿಷಯವಾಗಿಯೂ ಒಂದು ಮಾತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರಾ ಸೀಮೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷವು ಬೆರೆತಿದ್ದ ಕೆಮ್ಮಿನ ಸಿರಪ್ಪನ್ನು ಕುಡಿದು ಅನೇಕ ಎಳೆಯ ಮಕ್ಕಳು ಮೂತ್ರಪಿಂಡಗಳು ಕೆಟ್ಟು ಮರಣಹೊಂದಿದರು. ಅದು ತಯಾರಿಕೆಯ ಪಾಪ. ಯಾವ ತಾಯಿಯ ಅಳತೆಯೂ ಅದನ್ನು ತಡೆಯಲಾರದು. ಆದರೆ ಆ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆಯು, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಗಳನ್ನು ಬರೆಯಲೂ ಕೂಡದು, ಕೊಡಲೂ ಕೂಡದು, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಬೇಡವೆಂದು ತಿಳಿಸಿತಷ್ಟೆ. ಬೇಡದ ಮದ್ದನ್ನು ಕೊಡದಿರುವುದೂ ಸರಿಯಾದ ಮಾತ್ರೆಯೇ. ಅದರ ಅಳತೆ ಸೊನ್ನೆ.

ಈಗ ನಮ್ಮ ಮನೆಯಲ್ಲಿ ಔಷಧದ ಬೀರುವಿನ ಬಾಗಿಲಿಗೆ ಒಂದು ಪುಸ್ತಕವನ್ನು ದಾರದಿಂದ ಕಟ್ಟಿದ್ದೇವೆ. ಮಗುವು ಬಂದಾಗ ಅದರ ತೂಕ, ಔಷಧದ ಹೆಸರು, ಸೀಸೆಯ ಬಲ, ಕೊಟ್ಟ ಪ್ರಮಾಣ, ಕೊಟ್ಟ ವೇಳೆ ಎಲ್ಲವನ್ನೂ ಅದರಲ್ಲಿ ಬರೆಯುವೆವು. ನಾವು ಅಳೆದು ಹಿಡಿದರೆ ನಮ್ಮ ಗೃಹಿಣಿಯು ಕನ್ನಡಕವನ್ನು ಏರಿಸಿಕೊಂಡು ಚೀಟಿಯನ್ನು ಒಂದೊಂದೇ ಅಕ್ಷರವಾಗಿ ಓದಿ, ಗೆರೆಯನ್ನು ನೋಡಿ, ಆಮೇಲೆ ರುಜು ಹಾಕುವಳು. ಆಕೆಯ ರುಜು ಬೀಳದೆ ಮದ್ದು ಮಗುವಿನ ಬಾಯಿಗೆ ಹೋಗಕೂಡದೆಂಬುದು ನಿಯಮ. ಆಸ್ಪತ್ರೆಯಿಂದ ಬಂದ ದಿನ ರಾತ್ರಿ ನಾವು ಆಕೆಯೊಡನೆ, “ಆ ದಿನ ನೀನು ಹೇಳಿದ್ದೇ ಸರಿಯಾಗಿತ್ತು” ಎಂದೆವು. ವಿವಾಹವಾದ ಮೂವತ್ತನಾಲ್ಕು ವರ್ಷಗಳಲ್ಲಿ ಈ ಮಾತು ನಮ್ಮ ಬಾಯಿಂದ ಹೊರಟದ್ದು ಎಷ್ಟು ಸಲವೆಂದು ಎಣಿಸಲು ಬೆರಳುಗಳು ಹೆಚ್ಚು ಬೇಕಾಗಲಾರವು. ಆಕೆ ಪುಟ್ಟಿಯ ಹೊದಿಕೆಯನ್ನು ಸರಿಪಡಿಸುತ್ತ, “ಗಟ್ಟಿಯಾಗಿ ಮಾತಾಡಬೇಡಿ, ಮಗು ಏಳುತ್ತೆ” ಎಂದಳು.